ಹಿಂಡಿಗೆಲ್ಲ ಒಂದೇ ಮದ್ದು

ಹೊಸಬಾಳೆ ಊರು ದಾಟುವಷ್ಟರಲ್ಲೇ ಮಮತಾ ಗಂಡ ಮಾಳೇಶನ ಬೆನ್ನಿಗೆ ಎರಡು ಸಲ ಗುದ್ದಿದ್ದಳು, ಬೈಕು ಇನ್ನೂ ಜೋರಾಗಿ ಓಡಲಿ ಎಂದು. ಶಿಕಾರಿಪುರದ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಇವತ್ತು ಅವಳ ರಕ್ತಪರೀಕ್ಷೆಯ ಫಲಿತಾಂಶ. ಮೈಯಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಅದು. ಇಳಿದಿದ್ದರೆ ಮಗು ಪಡೆಯುವ ಮಾತಾಡಬಹುದು. ಇಳಿಯದಿದ್ದರೆ ಬೇರೆ ಮದ್ದು, ಮಗುವಿನ ಮಾತು ಆಮೇಲೆ. ರಾತ್ರಿಯಿಡೀ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಮೊದಲ ಗಂಡ ಈ ಕಾಯಿಲೆ ಕೊಟ್ಟು ತಾನು ಹೋಗಿಬಿಟ್ಟಿದ್ದ. ಆ ಮನೆಯವರು ಅವಳ ತಟ್ಟೆ, ಲೋಟ ಎಲ್ಲ ಬೇರೆ ಇಟ್ಟರು. ಮಾಳೇಶ ಮಾತ್ರ ಎಲ್ಲ ತಿಳಿದೇ ಕೈ ಹಿಡಿದ. ಕುರಿ ಸಾಕುವುದರಲ್ಲಿ ಅವನು ಜಾಣ, ಉಳಿದದ್ದಕ್ಕೆ ದೇವರೇ ಗತಿ. ಮದುವೆಯಾದ ಹೊಸದರಲ್ಲೇ ಅವಳ ಮಾತ್ರೆ ಮುರಿದು ಅರ್ಧ ತನ್ನ ಬಾಯಿಗೆ ಹಾಕಿಕೊಂಡ.

"ಒಂದು ಕುರಿಗೆ ರೋಗ ಬಂದ್ರೆ ಹಿಂಡಿಗೆಲ್ಲ ಔಷಧಿ ಕುಡಿಸ್ತೀವಿ. ನಾವಿಬ್ರೂ ಒಂದೇ ಹಿಂಡಲ್ವಾ?"

ತಪ್ಪು ಎಂದು ಮಮತಾಗೆ ಗೊತ್ತಿತ್ತು. ಆದರೆ ಲೋಟವನ್ನೂ ಮುಟ್ಟದ ಜನರನ್ನು ಕಂಡವಳು ಅವಳು. ಮಾತ್ರೆಯನ್ನೇ ಹಂಚಿಕೊಳ್ಳುವ ಗಂಡನಿಗೆ ಬೇಡ ಅನ್ನಲು ನಾಲಗೆ ಏಳಲಿಲ್ಲ. ಅರ್ಧ ಮಾತ್ರೆ ನುಂಗಿ ಸುಖವಾಗಿ ಅತ್ತಳು.

ಪ್ರೀತಿ ಹೆಚ್ಚಿತು, ಜೊತೆಗೆ ವೈರಸ್ಸೂ ಹೆಚ್ಚಿತು. ಕೇಂದ್ರದ ಆಪ್ತಸಮಾಲೋಚಕಿ ಪ್ರಮೀಳಾ ಮೇಡಂ ಕೆದಕಿ ಕೆದಕಿ ಕೇಳಿದಾಗ ಮಾಳೇಶನೇ ಹೆಮ್ಮೆಯಿಂದ ಬಾಯಿಬಿಟ್ಟ. ಅವರು ಮೊದಲು ನಕ್ಕರು, ಆಮೇಲೆ ಬೆವರಿಳಿಸಿದರು. ಅರ್ಧ ಮದ್ದಿಗೆ ವೈರಸ್ ಬಗ್ಗುವುದಿಲ್ಲ, ಮದ್ದಿಗೇ ಪಳಗಿಬಿಡುತ್ತದೆ ಎಂದರು. ಅವನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಪುಣ್ಯಕ್ಕೆ ಅವನಿಗೆ ಏನೂ ಇರಲಿಲ್ಲ. ಅಂದಿನಿಂದ ಮೂರು ತಿಂಗಳು, ದಿನವೂ ಅವಳು ಇಡೀ ಮಾತ್ರೆ ನುಂಗುವವರೆಗೆ ಮಾಳೇಶ ಎದುರಿಗೇ ಕೂತ. ಕುರಿಗೆ ಮಾಡುವಂತೆ ಬಾಯಿ ತೆರೆಸಿಯೂ ನೋಡಿದ.

ಈಗ ಅದೇ ಕೇಂದ್ರದಲ್ಲಿ ಪ್ರಮೀಳಾ ಮೇಡಂ ಕಂಪ್ಯೂಟರಿನಿಂದ ತಲೆಯೆತ್ತಿದರು.

"ವೈರಸ್ ಕಾಣ್ತಾನೇ ಇಲ್ಲಮ್ಮ."

ಮಮತಾ ಅದನ್ನೇ ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಅವರ ಕೈ ಹಿಡಿದು ಬಿಡಲೇ ಇಲ್ಲ. ಕುಣಿಯಬೇಕು ಅನ್ನಿಸಿತು, ಹೊರಗೆ ಜನ ಕೂತಿದ್ದರೆಂದು ತಡೆದುಕೊಂಡಳು. ಮಾಳೇಶ ಮೆಲ್ಲಗೆ, ಹಾಗಾದರೆ ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದ.

"ನಿಲ್ಲಿಸಿದ್ರೆ ಮತ್ತೆ ಎದ್ದು ಬರ್ತದೆ ಮಾಳೇಶಣ್ಣ. ದಿನಾ ತಗೊಂಡು ಹಿಂಗೇ ಇದ್ರೆ ನಿಮಗೆ ಅಂಟಲ್ಲ. ಮಗೂನ ವಿಷ್ಯ ಡಾಕ್ಟ್ರ ಹತ್ರ ಇವತ್ತೇ ಮಾತಾಡಿ."

ಡಾಕ್ಟರ ಜೊತೆ ಮಾತು ಮುಗಿಸಿ ವಾಪಸು ಬರುವಾಗ ಶಿರಾಳಕೊಪ್ಪದಲ್ಲಿ ಚಹಾಕ್ಕೆ ನಿಂತರು. ಮಾಳೇಶ ಎಂದಿನಂತೆ ಬೈ-ಟು ಹೇಳಿದ. ಮಮತಾ ತನ್ನ ಪಾಲನ್ನೂ ಅವನ ಲೋಟಕ್ಕೇ ಸುರಿದಳು. ಅದರಿಂದಲೇ ಒಂದು ಗುಟುಕು ಕುಡಿದು, ಜನರೆದುರೇ ಲೋಟವನ್ನು ಅವನ ಕೈಗೆ ಕೊಟ್ಟಳು.

"ಚಾ ಬೇಕಾದ್ರೆ ಅರ್ಧ ಅರ್ಧ ಮಾಡಾಣ ರೀ. ಮಾತ್ರೆ ಇನ್ಮೇಲೂ ಪೂರ್ತಿ ನಂದೇ. ಹಿಂಡು ದೊಡ್ದಾಗ್ಬೇಕಲ್ಲ."

ಮಾಳೇಶ ನಾಚಿ ಕೆಂಪಾಗಿ ತಲೆ ಬಗ್ಗಿಸಿದ. ಚಹಾ ಅಂಗಿಯ ಮೇಲೆ ಚೆಲ್ಲಿತು, ಒರೆಸಿಕೊಳ್ಳುವುದೂ ಅವನಿಗೆ ಹೊಳೆಯಲಿಲ್ಲ.