ಬೆಂಗಳೂರಿನಲ್ಲಿ ಕ್ಯಾಲನೂರಿನ ಕೇಳಿಕೆ

ಬೆಂಗಳೂರಿನಲ್ಲಿ ನಾಟಕವಾಗಲಿ, ನೃತ್ಯವಾಗಲಿ, ಚಿತ್ರಪ್ರದರ್ಶನವಾಗಲಿ, ಅದರ ಹಣೆಬರಹ ಬರೆಯುವವಳು ಕ್ಯಾಲನೂರಿನ ಆದಿಲಕ್ಷ್ಮಿ. ಅಲ್ಲಿನ ಪತ್ರಿಕೆಯೊಂದರ ಕಲಾಪುಟ ಅವಳದು. ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ವಿಮರ್ಶೆಗೆ ಕೂತವಳು ಚಪ್ಪಾಳೆ ತಟ್ಟಬಾರದು ಎಂಬುದು ಅವಳ ಶಿಸ್ತು. ಎಂಥೆಂಥ ಘಟಾನುಘಟಿಗಳು ಕುಣಿದು ಹೋದರೂ ಕೈಕಟ್ಟಿ, ಮುಖ ಬಿಗಿದು ಕೂತಿರುತ್ತಾಳೆ. ಹೊಗಳುವುದೇನಿದ್ದರೂ ಮರುದಿನ ಪುಟದಲ್ಲಿ. ಕಲಾವಿದರಿಗೆ ಅವಳೆಂದರೆ ಸ್ವಲ್ಪ ಭಯ. ಅವಳಿಗೂ ಅದು ಇಷ್ಟವೇ ಎನ್ನಿ.

ಈಗ ಅವಳ ಅಪ್ಪನ ಸರದಿ ಬಂತು. ಕೋದಂಡರಾಮಪ್ಪ ಬೆಳಿಗ್ಗೆ ಡೇರಿಗೆ ಹಾಲು ಹಾಕುವ ರೈತ. ವೇಷ ಕಟ್ಟಿದರೆ ಊರಿನ ಕೇಳಿಕೆ ಮೇಳದ ರಾಜ. ಕುಣಿತ, ತೆಲುಗು ಪದ್ಯ, ಕನ್ನಡ ಮಾತು ಬೆರೆತ ಈ ಬಯಲಾಟವನ್ನು ಬೆಂಗಳೂರಿನ ಸಭಾಂಗಣವೊಂದು ಭಾನುವಾರ ಮಧ್ಯಾಹ್ನಕ್ಕೆ ಕರೆಸಿತ್ತು. ಜನಕ್ಕೆ ಹಿಡಿಸಿದರೆ ಮೇಳಕ್ಕೆ ವರ್ಷವಿಡೀ ಆಟ ಕೊಡುತ್ತೇನೆಂದು ಸಭಾಂಗಣದ ವ್ಯವಸ್ಥಾಪಕ ಶಿವಶಂಕರ್ ಹೇಳಿದ್ದ. ಬರೆಯಲು ಬೇರೆಯವರನ್ನು ಕಳಿಸಿ ಎಂದು ಆದಿಲಕ್ಷ್ಮಿ ಕಚೇರಿಯಲ್ಲಿ ಕೇಳಿಕೊಂಡಳು. ಬೇರೆ ಯಾರೂ ಇರಲಿಲ್ಲ. ಹಾಗಾದರೆ ಅಪ್ಪನಿಗೂ ಅದೇ ತಕ್ಕಡಿ ಎಂದುಕೊಂಡು, ಆಟದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡದೆ, ಹೋಗಿ ಮೊದಲ ಸಾಲಿನಲ್ಲಿ ಕೂತಳು.

ಕೇಳಿಕೆಯ ರೂಢಿಯೊಂದಿದೆ. ರಾಜ ಪದ್ಯ ಮುಗಿಸಿದೊಡನೆ ಮುಂದೆ ಕೂತವರು ಯಾರಾದರೂ 'ಭಲೇ' ಎಂದು ಕೂಗಬೇಕು. ಕೂಗಲಿಲ್ಲವೆಂದರೆ ಜನ ತೂಕಡಿಸುತ್ತಿದ್ದಾರೆ ಎಂದರ್ಥ. ಆಗ ರಾಜ ಅದೇ ಪದ್ಯವನ್ನು ಇನ್ನೂ ಎತ್ತರದ ದನಿಯಲ್ಲಿ ಹಾಡಿ ಅವರನ್ನು ಎಬ್ಬಿಸಬೇಕು; 'ಭಲೇ' ಬೀಳದೆ ಕಥೆ ಮುಂದೆ ಹೋಗುವಂತಿಲ್ಲ.

ಬೆಂಗಳೂರಿನ ಸಭೆಯಾದರೋ ಕೆಮ್ಮಲೂ ಹೆದರಿ ಕೂತಿತ್ತು. ಚಪ್ಪಾಳೆಯೆಲ್ಲ ಕೊನೆಗೆ ಎಂಬುದು ಅಲ್ಲಿನ ಮರ್ಯಾದೆ. ಕೋದಂಡರಾಮಪ್ಪ ಮೊದಲ ಪದ್ಯ ಹಾಡಿ ನಿಂತ. ಸದ್ದಿಲ್ಲ. ಗೆಜ್ಜೆ ಕುಟ್ಟಿ ಮತ್ತೆ ಅದನ್ನೇ ಹಾಡಿದ. ಸದ್ದಿಲ್ಲ. ಆಮೇಲೆ ಎಷ್ಟು ಸಲ ಹಾಡಿದನೋ, ಕತ್ತಿನ ನರ ಉಬ್ಬಿ ಬಂತು, ಮದ್ದಳೆಯವನು ಕಂಗಾಲಾದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಶಿವಶಂಕರ್ ಪರದೆಯವನ ಕಡೆ ನಡೆದ.

ಈ ಗಂಟು ಬಿಡಿಸುವುದು ಆ ಸಭೆಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಒಂದು 'ಭಲೇ' ಸಾಕಿತ್ತು. ಅದು ಗಂಟಲವರೆಗೆ ಬಂದೂ ಇತ್ತು. ಆದರೆ ಅಕ್ಕಪಕ್ಕದಲ್ಲಿ ಬೇರೆ ಪತ್ರಿಕೆಯವರು. ಅಪ್ಪನಿಗೆ ಮಗಳೇ ಕೂಗಿಕೊಂಡಳು ಎಂದು ನಾಳೆ ಆಡಿಕೊಂಡು ನಗುತ್ತಾರೆ. ಆದಿಲಕ್ಷ್ಮಿ ಕಟ್ಟಿದ ಕೈ ಬಿಚ್ಚಲಿಲ್ಲ. ಅಪ್ಪನ ದನಿ ಒಡೆಯಿತು, ಪರದೆ ಬಿತ್ತು. ಕಥೆ ಇನ್ನೂ ಶುರುವೇ ಆಗಿರಲಿಲ್ಲ.

ವಾಪಸು ಬರುವಾಗ ಮೇಳದ ವ್ಯಾನಿನಲ್ಲಿ ಅಪ್ಪ, ಮಗಳು ಒಂದೇ ಸೀಟಿನಲ್ಲಿ ಕೂತರು. ಇನ್ನು ಕರೆ ಬರುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ವೇಮಗಲ್ ಬರುವ ತನಕ ಕೋದಂಡರಾಮಪ್ಪ ಮುಖದ ಬಣ್ಣ ಒರೆಸುತ್ತಲೇ ಇದ್ದ.

"ಬಿಸ್ಲಲ್ಲಿ ಬಂದಿದ್ರು, ಊಟ ಬೇರೆ ಆಗಿತ್ತು. ಜನಕ್ಕೆ ನಿದ್ದೆ ಹತ್ಬಿಡ್ತು ಅಂದ್ಕೊಂಡೆ ಕಣಮ್ಮಾ," ಎಂದ, ಹೋದ ಗಂಟಲಿನಲ್ಲಿ.

"ನಿದ್ದೆ ಅಲ್ಲ ನಾಯ್ನಾ. ಅಲ್ಲಿ ಯಾರೂ ಹಂಗೆ ಕೂಗಲ್ಲ."

"ನಂಗೇನ್ ಗೊತ್ತು? ಕಣ್ಣಿಗೆ ಲೈಟು ಹೊಡೀತಿತ್ತು, ಹಿಂದಿನೋರು ಯಾರೂ ಕಾಣ್ಲಿಲ್ಲ." ಟವೆಲ್ ಮಡಿಸಿ ತೊಡೆಯ ಮೇಲಿಟ್ಟುಕೊಂಡ. "ನೀನು ಕಾಣಿಸ್ತಿದ್ದೆ. ನೀನು ಎಚ್ಚರವಾಗೇ ಇದ್ದೆ."