ಸದ್ದಿಲ್ಲದ ಇಂಜಿನ್

"ಇದರ ಕಥೆ ಮುಗೀತು ಅಣ್ಣಾ," ಎಂದು ಮೆಕ್ಯಾನಿಕ್ ತಾಕ್ ಇಂಜಿನ್ನಿನ ಮುಚ್ಚಳವನ್ನು ದೋಣಿ ಕಟ್ಟುವ ಧಕ್ಕೆಯ ಕಲ್ಲಿನ ಮೇಲಿಟ್ಟು ಕೈ ಒರೆಸಿಕೊಂಡ. "ಪಿಸ್ಟನ್ ಗೀರಿ ಹೋಗಿದೆ. ಇನ್ನೊಂದ್ಸಲ ಬಿಚ್ಚಿದ್ರೆ ವಾಪಸ್ ಜೋಡ್ಸೋಕಾಗಲ್ಲ."

ದೋಣಿಯ ಯಜಮಾನ ದೊಕ್‌ಚಿಲ್ ಬಗ್ಗಿ ನೋಡಿದ. ತಾಕ್ ಹೇಳಿದ್ದು ನಿಜವೆಂದು ಅವನಿಗೆ ಮೊದಲೇ ಗೊತ್ತಿತ್ತು. ಹದಿನೆಂಟು ವರ್ಷ ಆ ಟೂ-ಸ್ಟ್ರೋಕ್ ಇಂಜಿನ್ ದಿನಾ ಬೆಳಿಗ್ಗೆ ಕಡಲಲ್ಲಿ ಮುಳುಗು ಹಾಕುವ ಐದು ಜನ ಹೆಂಗಸರನ್ನು ದ್ವೀಪದ ಆಚೆಯ ಬಂಡೆಗಳಿಗೆ ಮುಟ್ಟಿಸಿತ್ತು. ಅವರು ಉಸಿರು ಕಟ್ಟಿ ಮುಳುಗಿ ಚಿಪ್ಪು, ಶಂಖ ಕೀಳುತ್ತಿರುವಾಗ ಅವನು ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಎತ್ತಿ ನೋಡಿ, ಮಧ್ಯಾಹ್ನ ಮತ್ತೆ ಅವರನ್ನು ಹತ್ತಿಸಿಕೊಂಡು ಬರುತ್ತಿದ್ದ. ಐವರಲ್ಲಿ ಒಬ್ಬಳು ಅವನ ಹೆಂಡತಿ ಓಕ್‌ರನ್.

"ಎರಡು ದಾರಿ ಇದೆ," ಎಂದ ತಾಕ್. "ನನ್ನ ಗೋದಾಮಲ್ಲಿ ಇಂಥದ್ದೇ ಹಳೇದೊಂದಿದೆ, ರಿಪೇರಿ ಮಾಡಿಟ್ಟಿದ್ದೀನಿ. ಕಣ್ಣು ಮುಚ್ಕೊಂಡು ನೀನೇ ಬಿಚ್ತೀಯ, ನೀನೇ ಕಟ್ತೀಯ. ಇಲ್ಲಾಂದ್ರೆ ಹೊಸ ಫೋರ್-ಸ್ಟ್ರೋಕ್. ಪೆಟ್ರೋಲು ಅರ್ಧಕ್ಕರ್ಧ, ಆಯಿಲ್ ಬೆರೆಸೋ ಗೋಜಿಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಆದ್ರೆ ಭಾರ ಜಾಸ್ತಿ. ಕೆಟ್ರೆ ನೀನು ಕೈ ಹಾಕೋ ಹಾಗಿಲ್ಲ, ನನ್ನನ್ನೇ ಕರೀಬೇಕು."

"ನಿನ್ನನ್ನ ಕರೆದ್ರೆ ಮೂರು ದಿನಕ್ಕೆ ಬರ್ತೀಯ."

"ಅದಕ್ಕೇ ಹೇಳೋದು, ನನ್ನ ಹತ್ರ ಜಗಳ ಆಡ್ಬೇಡ ಅಂತ," ತಾಕ್ ನಕ್ಕ. "ಎರಡು ದಿನ ಹೊಸದನ್ನ ಕಟ್ಕೊಂಡು ಓಡ್ಸಿ ನೋಡು. ಆಮೇಲೆ ಹೇಳು."

ಮರುದಿನ ಬೆಳಿಗ್ಗೆ ಹೆಂಗಸರು ಕಪ್ಪು ರಬ್ಬರಿನ ಉಡುಪು ತೊಟ್ಟು, ನೀರಿನ ಮೇಲೆ ಆತುಕೊಳ್ಳುವ ಕಿತ್ತಳೆ ಬಣ್ಣದ ತೇಲುಬುರುಡೆಗಳನ್ನು ಹೊತ್ತು, ಹೊಸ ಇಂಜಿನ್ ಕಟ್ಟಿದ ದೋಣಿ ಹತ್ತಿದರು. ಅವರ ಹಿರಿಯಳು ಮಲ್‌ಸುನ್, ಎಪ್ಪತ್ತೆಂಟು ವರ್ಷದವಳು. ಯಾರು ನೀರಿಗಿಳಿಯಬೇಕು, ಯಾರು ದಡದಲ್ಲಿ ಕೂರಬೇಕು ಎನ್ನುವುದು ಅವಳ ಮಾತು. ಹಳೆಯ ಇಂಜಿನ್ನಿನ ಹೊಗೆಗೆ ವಾರಕ್ಕೆರಡು ಸಲವಾದರೂ ದೋಣಿಯಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದವಳೂ ಅವಳೇ.

"ಶುರು ಮಾಡಪ್ಪಾ, ಯಾವ ಮುಹೂರ್ತ ಕಾಯ್ತಿದ್ದೀಯ?"

"ಶುರುವಾಗಿದೆ ಅಕ್ಕಾ."

ಹೆಂಗಸರು ಹೋ ಎಂದು ನಕ್ಕರು. ಹದಿನೆಂಟು ವರ್ಷ ಆ ದೋಣಿಯಲ್ಲಿ ಕಿರುಚಿ, ಕೈಸನ್ನೆ ಮಾಡಿ ಮಾತಾಡಿದ್ದವರು ಈಗ ಪಿಸುದನಿಯಲ್ಲಿ ಊರಿನ ಸುದ್ದಿಯನ್ನೆಲ್ಲ ಎಳೆದುಹಾಕಿದರು. ಓಕ್‌ರನ್ ತಲೆ ತಗ್ಗಿಸಿ ಸೊಂಟಕ್ಕೆ ಸೀಸದ ಪಟ್ಟಿ ಬಿಗಿಯುತ್ತಿದ್ದಳು.

"ನಿನ್ನ ಮಗಳ ಹೆರಿಗೆ ಯಾವಾಗ್ಲೇ?" ಎಂದು ಮಲ್‌ಸುನ್ ಕೇಳಿದಳು.

"ಹೂಂ, ಇವತ್ತು ಅಲೆ ಸ್ವಲ್ಪ ಜಾಸ್ತೀನೇ," ಎಂದಳು ಓಕ್‌ರನ್. "ಗಾಳಿ ಬೇರೆ ಇದೆ."

ತಮಾಷೆ ಮಾಡಿದಳೆಂದು ಎಲ್ಲರೂ ಮತ್ತೆ ನಕ್ಕರು. ಚುಕ್ಕಾಣಿ ಹಿಡಿದಿದ್ದ ದೊಕ್‌ಚಿಲ್ ಕೂಡ ನಕ್ಕ. ಆಮೇಲೆ ಅವನ ಕಣ್ಣು ಹೆಂಡತಿಯ ಕೈಮೇಲೆ ಬಿತ್ತು. ಪಟ್ಟಿಯ ಕೊಂಡಿಯ ಮೇಲೆ ಅವಳ ಬೆರಳು ನಿಂತುಬಿಟ್ಟಿತ್ತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ, ನಗುತ್ತಿದ್ದಾರೆಂದು ಖಚಿತಪಡಿಸಿಕೊಂಡು, ತಾನೂ ನಕ್ಕಳು.

ಎರಡನೆಯ ದಿನ ಅವನು ಮಡಕೆಗಳ ಕೆಲಸ ಮುಗಿಸಿ ಹೊರಬಂಡೆಯ ಕಡೆಗೆ ಬಂದ. ಅದು ಎಲ್ಲಕ್ಕಿಂತ ಆಳದ ಜಾಗ. ಅಲ್ಲಿಗಿಳಿಯುತ್ತಿದ್ದವಳು ಓಕ್‌ರನ್ ಒಬ್ಬಳೇ. ಹತ್ತೊಂಬತ್ತನೆಯ ವಯಸ್ಸಿಗೆ ಜೇಜು ದ್ವೀಪದಿಂದ ಈ ದ್ವೀಪಕ್ಕೆ ಸೊಸೆಯಾಗಿ ಬಂದಾಗ, ಹೊರಗಿನವಳು ಎಂದು ಮೂಗು ಮುರಿದವರ ಬಾಯನ್ನು ಅವಳು ಆ ಬಂಡೆಯ ಚಿಪ್ಪುಗಳಿಂದಲೇ ಮುಚ್ಚಿಸಿದ್ದಳು. ಅವಳ ತೇಲುಬುರುಡೆ ಎಡಗಡೆ ದೂರದಲ್ಲಿ ಅಲೆಯ ಮೇಲೆ ಕುಣಿಯುತ್ತಿತ್ತು. ಅವಳು ಮಾತ್ರ ದೋಣಿಯ ನೇರಕ್ಕೆ, ಮೂತಿಯಿಂದ ನಾಲ್ಕು ಮಾರು ದೂರದಲ್ಲಿ ಬೆನ್ನು ತೋರಿಸಿಕೊಂಡು ಮೇಲೆದ್ದಳು.

ಅವನು ಕೂಗಿದ. ಅವಳು ತಿರುಗಲಿಲ್ಲ. ಈಜುಗನ್ನಡಕವನ್ನು ಹಣೆಗೇರಿಸಿ, ನಿಧಾನವಾಗಿ ಮುಖ ಒರೆಸಿಕೊಂಡಳು. ಅವನು ಇಂಜಿನ್ ನಿಲ್ಲಿಸಿ, ಚುಕ್ಕಾಣಿಯನ್ನು ಮೈಭಾರ ಹಾಕಿ ತಿರುಗಿಸಿದ. ದೋಣಿಯ ಮಗ್ಗುಲು ಅವಳ ಭುಜವನ್ನು ಸವರಿಕೊಂಡು ಹೋಯಿತು. ಆಗ ಅವಳು ತಲೆಯೆತ್ತಿದಳು.

ಮಧ್ಯಾಹ್ನ ಮನೆಯಂಗಳದ ನಲ್ಲಿಯ ಕೆಳಗೆ ಅವಳು ರಬ್ಬರಿನ ಉಡುಪು ತೊಳೆಯುತ್ತಿದ್ದಳು. ಅವನು ಹಿಂದೆ ನಿಂತು ಹೆಸರು ಹಿಡಿದು ಕರೆದ. ಇನ್ನೊಮ್ಮೆ ಕರೆದ. ಕೊನೆಗೆ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ.

"ಎಷ್ಟು ದಿನದಿಂದ?"

ಅವಳು ಅವನ ತುಟಿಗಳನ್ನೇ ನೋಡಿದಳು. ನಲ್ಲಿ ನಿಲ್ಲಿಸಿದಳು.

"ಎಡಗಡೇದು ಹೋಗಿ ನಾಲ್ಕು ವರ್ಷ ಆಯ್ತು. ಬಲಗಡೇದು ಈ ವರ್ಷ ಹೋಗ್ತಾ ಇದೆ."

"ನನಗಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ನಿಮಗೆ ಹೇಳಿದ್ರೆ ನಿಮ್ಮ ಮುಖದಲ್ಲಿ ಮಲ್‌ಸುನ್ ಅಕ್ಕ ಓದ್ಕೋತಾಳೆ. ಹೋದ ವರ್ಷ ಒಬ್ಳಿಗೆ ತಲೆ ಸುತ್ತು ಬಂತು ಅಂತ ದಡದಲ್ಲಿ ಕೂರಿಸಿದ್ಲು, ನೆನಪಿದ್ಯಾ? ಈಗ ಅವಳು ದಿನಾ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲೀತಾಳೆ. ನನಗೆ ಬೆಳ್ಳುಳ್ಳಿ ಸುಲಿಯೋಕೆ ಇಷ್ಟ ಇಲ್ಲ ಕಣ್ರೀ." ಅವಳು ಉಡುಪನ್ನು ಹಿಂಡಿದಳು. "ಹಳೇ ಇಂಜಿನ್ ಆದ್ರೆ ನನಗೆ ಕಿವಿ ಬೇಕಿಲ್ಲ. ನೀರೊಳಗೇ ಎದೆಗೂಡಿಗೆ ಬಡಿಯತ್ತೆ. ನೀವು ಬಂದ್ರಿ ಅಂತ ಗೊತ್ತಾಗತ್ತೆ. ಇದು ಬೆಕ್ಕಿನ ಹಾಗೆ ಬರತ್ತೆ."

ದೊಕ್‌ಚಿಲ್ ಈ ನಾಲ್ಕು ವರ್ಷಗಳಲ್ಲಿ ಕರೆದಾಗ ಅವಳು ಓಗೊಡದಿದ್ದರೆ ಅದನ್ನು ಮುನಿಸು ಎಂದುಕೊಂಡಿದ್ದ. ಎಷ್ಟೋ ಸಲ ಆ ಮುನಿಸಿಗೆ ತಾನೂ ಮುನಿಸಿಕೊಂಡು, ಒಬ್ಬನೇ ಊಟ ಮಾಡಿ ಎದ್ದು ಹೋಗಿದ್ದ. ಅದೆಲ್ಲ ಒಂದೊಂದಾಗಿ ನೆನಪಾಗಿ ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ತಾಕ್‌ಗೆ ಫೋನ್ ಮಾಡಿದ.

ಮರುದಿನ ಬೆಳಿಗ್ಗೆ ತಾಕ್ ತನ್ನ ಗಾಡಿಯಲ್ಲಿ ರಿಪೇರಿ ಮಾಡಿದ ಟೂ-ಸ್ಟ್ರೋಕ್ ಇಂಜಿನ್ನನ್ನು ಧಕ್ಕೆಗೆ ತಂದ. ನೀರಿನ ಪೀಪಾಯಿಗೆ ಅದರ ಕಾಲನ್ನು ಇಳಿಬಿಟ್ಟು ಹಗ್ಗ ಎಳೆದ. ಕಟಕಟ ಸದ್ದಿನೊಂದಿಗೆ ನೀಲಿ ಹೊಗೆ ಎದ್ದು ಕಾಯುತ್ತಿದ್ದ ಹೆಂಗಸರ ಮೇಲೆ ಕವಿಯಿತು. ಮಲ್‌ಸುನ್ ಮೂಗಿಗೆ ಬಟ್ಟೆ ಹಿಡಿದು ಕೆಮ್ಮಿದಳು.

"ಇದ್ಯಾಕಪ್ಪಾ ಮತ್ತೆ ಈ ಶನಿ?"

"ಇದು ಹಗುರ ಅಕ್ಕಾ. ನನ್ನ ಕೈಗೆ ಒಗ್ಗಿದೆ," ಎಂದ ದೊಕ್‌ಚಿಲ್.

"ಕೈಗಲ್ಲ, ಜೇಬಿಗೆ ಒಗ್ಗಿದೆ ಅನ್ನು. ಐದು ಜನ ಹೆಂಗಸರ ಹೊಟ್ಟೆ ತೊಳೆಸಿದ್ರೂ ಪರವಾಗಿಲ್ಲ, ಇವನ ಗಂಟು ಕರಗಬಾರ್ದು."

"ಹೆಂಡ್ತಿಗೆ ಒಂದು ಜೊತೆ ಹೊಸ ಬೂಟು ಕೊಡಿಸದವನು ನಮಗೆ ಹೊಸ ಇಂಜಿನ್ ಕೊಡಿಸ್ತಾನಾ?" ಎಂದಳು ಇನ್ನೊಬ್ಬಳು. "ಎರಡು ದಿನ ಆಸೆ ತೋರಿಸಿ ಕಿತ್ಕೊಂಡ ನೋಡು."

"ಜಿಪುಣ ಅಂದ್ರೆ ಜಿಪುಣ. ಏನೀಗ?" ಎಂದ ದೊಕ್‌ಚಿಲ್. ಕಿವಿಯವರೆಗೂ ಕೆಂಪಾದ ಮುಖವನ್ನು ತಗ್ಗಿಸಿ ಇಂಜಿನ್ನಿನ ತಿರುಪುಗಳನ್ನು ಸುಮ್ಮನೆ ಮುಟ್ಟುತ್ತ ನಿಂತ.

ಓಕ್‌ರನ್‌ಗೆ ಈ ಮಾತುಗಳಲ್ಲಿ ಒಂದೂ ಕೇಳಿಸಿರಲಿಲ್ಲ. ಆದರೆ ಹೆಂಗಸರ ಬಾಯಿ ಹೇಗೆ ಕೊಂಕುತ್ತಿದೆ ಎಂದು ಕಂಡಿತ್ತು. ಗಂಡನ ಕುತ್ತಿಗೆ ಬಗ್ಗಿದ್ದೂ ಕಂಡಿತ್ತು. ಅವಳು ತೇಲುಬುರುಡೆಯನ್ನು ಕೆಳಗಿಟ್ಟು ಮುಂದೆ ಬಂದು, ಕೈಸನ್ನೆಯಲ್ಲೇ ಇಂಜಿನ್ ನಿಲ್ಲಿಸುವಂತೆ ತಾಕ್‌ಗೆ ಹೇಳಿದಳು.

"ಅವರದ್ದೇನೂ ತಪ್ಪಿಲ್ಲ," ಎಂದಳು. ಸದ್ದು ನಿಂತ ಧಕ್ಕೆಯಲ್ಲಿ ಅವಳ ದನಿ ತೀರ ದೊಡ್ಡದಾಗಿ ಕೇಳಿತು. "ನನ್ನ ಕಿವಿ ಕೇಳಿಸಲ್ಲ. ಅದಕ್ಕೆ ಇದನ್ನ ತರಿಸಿದ್ದಾರೆ."

ಮಲ್‌ಸುನ್ ಏನೋ ಕೇಳಿದಳು. ಓಕ್‌ರನ್ ತಲೆ ತಗ್ಗಿಸಿದ್ದಳು. ಮುದುಕಿ ಕಾಲೆಳೆದುಕೊಂಡು ಅವಳೆದುರು ಬಂದು, ಗದ್ದ ಹಿಡಿದು ಮುಖವೆತ್ತಿದಳು.

"ಯಾವ ಕಿವಿ ಅಂತ ಕೇಳ್ದೆ."

"ಎರಡೂ."

ಮಲ್‌ಸುನ್ ಅವಳ ಗದ್ದ ಬಿಡಲಿಲ್ಲ. "ಇನ್ಮೇಲೆ ಹೊರಬಂಡೆ ಇಲ್ಲ," ಎಂದು ಒಂದೊಂದೇ ಪದವನ್ನು ಬಾಯಿ ಅಗಲಿಸಿ ಹೇಳಿದಳು. "ಒಳಬಂಡೇಲಿ ನನ್ನ ಪಕ್ಕ ಮುಳುಗು. ನನ್ನ ತೇಲುಬುರುಡೆಗೂ ನಿನ್ನ ತೇಲುಬುರುಡೆಗೂ ಹಗ್ಗ ಕಟ್ತೀನಿ."

"ಒಳಬಂಡೇಲಿ ಏನಿದೆ? ಬೆರಳುಗುರಿನಷ್ಟು ಶಂಖ."

"ಅದನ್ನೇ ಕಿತ್ಕೊಂಡು ನಾನು ಬದುಕಿಲ್ವಾ? ಬೇಡ ಅಂದ್ರೆ ದಡ ಇದೆ."

ಓಕ್‌ರನ್ ಗದ್ದ ಬಿಡಿಸಿಕೊಂಡಳು. ಎಲ್ಲರಿಗೂ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿ ನಿಂತಳು. ಆಮೇಲೆ ತಾಕ್‌ನ ಕಡೆ ತಿರುಗಿ, "ಇದನ್ನ ವಾಪಸ್ ತಗೊಂಡ್ಹೋಗಪ್ಪಾ," ಎಂದಳು. "ದೋಣೀಲಿರೋ ಹೊಸದೇ ಇರ್ಲಿ."

ಆ ದಿನ ಒಳಬಂಡೆಗೆ ಹೋಗುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹಾಗಾಗಿ ಯಾರ ಮಾತೂ ಅವಳನ್ನು ಮುಟ್ಟಲಿಲ್ಲ. ಹೊರಬಂಡೆ ಕೈತಪ್ಪಿದ ಸಿಟ್ಟಿಗೆ ಗಂಡನ ಜೊತೆ ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಕಡಲಪಾಚಿಯ ಸಾರು ಬಡಿಸುತ್ತ, "ಉಪ್ಪು ಸಾಕಾ?" ಎಂದು ಕೇಳಿ, ಉತ್ತರಕ್ಕಾಗಿ ಅವನ ತುಟಿಯನ್ನು ನೋಡುತ್ತ ನಿಂತಳು. ಅವನು ಬಾಯಲ್ಲಿದ್ದ ಅನ್ನ ನುಂಗಿ, ನಿಧಾನವಾಗಿ, "ಸಾಕು," ಎಂದ.

ಆ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಕಡಲು ಎಣ್ಣೆಯ ಹಾಗೆ ನಿಂತಿತ್ತು. ದೊಕ್‌ಚಿಲ್ ಮಡಕೆಗಳ ಕೆಲಸ ಮುಗಿಸಿ ಒಳಬಂಡೆಯ ಕಡೆಗೆ ಬಂದ. ಹಗ್ಗದಿಂದ ಕಟ್ಟಿದ ಎರಡು ತೇಲುಬುರುಡೆಗಳು ಕಂಡ ಕೂಡಲೇ, ಇನ್ನೂ ಐವತ್ತು ಮಾರು ಇರುವಾಗಲೇ ಇಂಜಿನ್ ನಿಲ್ಲಿಸಿ, ಎರಡೂ ಕೈಯಲ್ಲಿ ಅದರ ಭಾರವನ್ನೆತ್ತಿ ನೀರಿನಿಂದ ಮೇಲಕ್ಕೆ ಮಡಚಿದ. ಹಲಗೆಯ ಕೆಳಗಿನಿಂದ ಹುಟ್ಟು ತೆಗೆದ. ಭುಜ ನೋಯುತ್ತಿತ್ತು. ನಿಂತುಕೊಂಡೇ ಹುಟ್ಟು ಹಾಕುತ್ತ ಹತ್ತಿರ ಬಂದ.

ಓಕ್‌ರನ್ ಮೇಲೆದ್ದಳು. ತೇಲುಬುರುಡೆಯನ್ನು ತಬ್ಬಿ ಉದ್ದಕ್ಕೆ ಶಿಳ್ಳೆಯಂತೆ ಉಸಿರು ಬಿಟ್ಟಳು. ಅವಳ ಬೆನ್ನು ಅವನ ಕಡೆಗಿತ್ತು. ಅವನು ಹುಟ್ಟನ್ನು ನೀರಿನಿಂದೆತ್ತಿ ಹಿಡಿದ. ಅದರ ತುದಿಯಿಂದ ಹನಿಗಳು ಬೀಳುತ್ತಿದ್ದವು. ಅವಳು ತಾನಾಗಿ ತಿರುಗುವವರೆಗೆ ದೋಣಿ ಅಲ್ಲೇ ನಿಂತಿತ್ತು.