ಬುಟ್ಟಿ ಬುಡದ ದನಿ

ಜನವರಿ ಮುಗಿಯುವ ಹೊತ್ತಿಗೆ ಮಾರ್ವಾ ಪೆಟಿಗ್ರೂಗೆ ಯಾವ ಮಗ್ಗುಲಿಗೂ ಮಲಗುವಂತಿರಲಿಲ್ಲ. ಎಡಕ್ಕೆ ಹೊರಳಿದರೆ ಒಂದು ಪಕ್ಕೆ ಚುಳುಕ್ಕೆನ್ನುತ್ತಿತ್ತು, ಬಲಕ್ಕೆ ಹೊರಳಿದರೆ ಇನ್ನೊಂದು. ವಾಲ್‌ನಟ್ ಫೋರ್ಕ್ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೈಯೂ ಅವಳೇ, ಕಾಲೂ ಅವಳೇ. ಚೆಂಡನ್ನು ಅಂಕಣದುದ್ದಕ್ಕೂ ತರುವವಳು ಅವಳು, ದೂರದಿಂದ ಬುಟ್ಟಿಗೆ ಹಾಕುವವಳು ಅವಳು, ಎದುರು ತಂಡದ ಅತಿ ಚುರುಕಿನ ಹುಡುಗಿಯನ್ನು ತಡೆಯುವವಳೂ ಅವಳೇ. ಈ ತಡೆಯುವ ಕೆಲಸದಲ್ಲೇ ಪಕ್ಕೆಲುಬುಗಳಿಗೆ ಗ್ರಹಚಾರ ಹಿಡಿದಿದ್ದು.

ಎದುರಿನವಳ ಮೇಲೆ ಕಣ್ಣು ನೆಟ್ಟು ಹಿಂದೆ ಸರಿಯುವವಳಿಗೆ ತನ್ನ ಬೆನ್ನ ಹಿಂದೆ ಏನಿದೆ ಎಂದು ಹೇಗೆ ಕಾಣಬೇಕು? ಅಲ್ಲಿ ಎದುರಾಳಿಗಳ ಪೈಕಿ ದಪ್ಪನೆಯವಳೊಬ್ಬಳು ಸದ್ದಿಲ್ಲದೆ ಬಂದು ಗೋಡೆಯ ಹಾಗೆ ನಿಂತಿರುತ್ತಾಳೆ. ನಿಲ್ಲುವುದು ತಪ್ಪಲ್ಲ, ಹೋಗಿ ಗುದ್ದಿದರೆ ಗುದ್ದಿದವಳದೇ ತಪ್ಪು. ಅದನ್ನು ಮೊದಲೇ ಕಂಡು ಕೂಗಿ ಹೇಳಬೇಕಾದವರು ಬುಟ್ಟಿಯ ಬುಡದಲ್ಲಿ ನಿಲ್ಲುವ ಉದ್ದನೆಯ ಹುಡುಗಿಯರು. ಇಡೀ ಅಂಕಣ ಕಾಣುವುದು ಅವರಿಗೆ ಮಾತ್ರ. ಬುಡದವರ ಬಾಯೇ ಮುಂದಿನವರ ಬೆನ್ನಿಗೆ ಕಣ್ಣು ಅನ್ನುವುದು ಅಮೆರಿಕದ ಈ ಇಂಡಿಯಾನಾ ರಾಜ್ಯದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು.

ವಾಲ್‌ನಟ್ ಫೋರ್ಕಿನ ಬುಡದಲ್ಲಿ ನಿಲ್ಲುತ್ತಿದ್ದವಳು ರೋಡಾ ಹಾಸ್ಟೆಟ್ಲರ್. ಎರಡನೆಯ ವರ್ಷದ ಹುಡುಗಿ, ಮೆನೊನೈಟ್ ಎಂಬ ಸರಳ ಬದುಕಿನ ಕ್ರೈಸ್ತ ಪಂಗಡದ ರೈತರ ಮಗಳು. ಯಾವ ಬಾಗಿಲು ದಾಟಿದರೂ ತಲೆ ತಗ್ಗಿಸಬೇಕಾದಷ್ಟು ಎತ್ತರ. ದೇವರು ಆ ಎತ್ತರವನ್ನೆಲ್ಲ ಕೊಟ್ಟು ಬಾಯಿ ಕೊಡುವುದನ್ನು ಮರೆತಿದ್ದ. ಬಾಯಿ ಸತ್ತವಳು ಅಂದರೆ ಬಾಯಿ ಸತ್ತವಳೇ. ಅಂಕಣದಲ್ಲೂ ಹಾಗೆಯೇ, ಚೆಂಡು ಬೇಕು ಎಂದು ಕೈ ಎತ್ತುವುದಕ್ಕೂ ಸಂಕೋಚ. ಅವಳ ಜೊತೆಗೆ ಬುಡದಲ್ಲಿ ಆಡುತ್ತಿದ್ದ ಟೆಸ್ ಕವಾಲ್ಸ್ಕಿ ಗಟ್ಟಿಮುಟ್ಟಾದ ಹುಡುಗಿಯೇನೋ ಹೌದು, ಆದರೆ ಒಂಟೆತ್ತು ಎಷ್ಟು ಉತ್ತೀತು?

ಒಂದು ಸೋಲಿನ ನಂತರ ಬಸ್ಸಿನಲ್ಲಿ ಮಾರ್ವಾ ಪಕ್ಕೆಗೆ ಐಸು ಒತ್ತಿಕೊಂಡು ಹಿಂದಿನ ಸೀಟಿನ ಕಡೆ ತಿರುಗಿದಳು.

"ಏನೇ ಮರ, ಎಡಕ್ಕೆ ಬಲಕ್ಕೆ ಅಂತ ಎರಡು ಮಾತು ಕಣೇ. ಗಿಳಿಗಾದ್ರೂ ಕಲಿಸಬಹುದು. ಯಾಕೆ ಹೇಳಲ್ಲ ನೀನು?"

"ಹೇಳಿದ್ನಲ್ಲ," ಎಂದಳು ರೋಡಾ.

"ಯಾವಾಗ ಹೇಳಿದೆ ಮಹಾತಾಯಿ?"

"ಆವಾಗ್ಲೇ. ಮೆಲ್ಲಗೆ."

ಬಸ್ಸೆಲ್ಲ ನಕ್ಕಿತು. ರೋಡಾಳ ಕಿವಿ ಕೆಂಪಾದದ್ದು ಮಾರ್ವಾಗೆ ಕಂಡಿತು, ಆದರೂ ನಗು ತಡೆಯಲಿಲ್ಲ. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಇದು ಅವಳ ನಾಲ್ಕನೆಯ ವರ್ಷ, ಕೊನೆಯ ವರ್ಷ. ಮಾರ್ಚ್ ಬಂದರೆ ಲೀಗಿನ ಪಂದ್ಯಾವಳಿ. ಅದನ್ನು ಗೆದ್ದ ಒಂದೇ ಒಂದು ತಂಡ ರಾಷ್ಟ್ರದ ದೊಡ್ಡ ಪಂದ್ಯಾವಳಿಗೆ ಹೋಗುತ್ತದೆ, ಮಿಕ್ಕವರು ಬೂಟು ಬಿಚ್ಚಿ ಪುಸ್ತಕ ಹಿಡಿಯುತ್ತಾರೆ. ವಾಲ್‌ನಟ್ ಫೋರ್ಕ್ ಒಮ್ಮೆಯೂ ಹೋದದ್ದಿಲ್ಲ. ಮುಂದೆ ಯಾವ ತಂಡವೂ ಮಾರ್ವಾಳಿಗೆ ಕಾದು ಕೂತಿರಲಿಲ್ಲ. ಜೂನ್ ತಿಂಗಳಿಗೆ ಅವಳು ತನ್ನ ಊರು ಗ್ಯಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮಾರ್ಚಿನಲ್ಲಿ ಯಾವ ದಿನ ಸೋಲುತ್ತಾಳೋ ಅದೇ ದಿನ ಅವಳ ಆಟ ಮುಗಿದಂತೆ.

ಆ ಭಾನುವಾರ ಚರ್ಚು ಮುಗಿದ ಮೇಲೆ ರೋಡಾಳ ತಾಯಿ ಕೋಚ್ ಸಮೇತ ಇಡೀ ತಂಡವನ್ನು ಊಟಕ್ಕೆ ಕರೆದಿದ್ದರು. ಹಿಸುಕಿದ ಆಲೂಗಡ್ಡೆಯ ಗುಡ್ಡೆ, ಅದರ ಮೇಲೆ ಕೋಳಿ ನೂಡಲ್ಸು, ಆಮೇಲೆ ಮೂರು ಬಗೆಯ ಹಣ್ಣಿನ ಪೈ. ಹುಡುಗಿಯರು ಏಳಲಾರದೆ ಎದ್ದು ಹೊರಗೆ ಬಂದರೆ ಅವರ ವ್ಯಾನು ಅಂಗಳದ ಹಿಮದ ಕೆಸರಿನಲ್ಲಿ ಅಚ್ಚಿನವರೆಗೂ ಹೂತುಹೋಗಿತ್ತು. ತಂಡವೇ ನಿಂತು ದಬ್ಬಿತು. ವ್ಯಾನು ಕೆಸರು ಉಗುಳಿತೇ ಹೊರತು ಜಗ್ಗಲಿಲ್ಲ.

ರೋಡಾ ಲಾಯಕ್ಕೆ ಹೋಗಿ ಎರಡು ಕುದುರೆಗಳನ್ನು ಜೋಡಿ ಕಟ್ಟಿ ತಂದಳು. ಬಂಡಿ ಎಳೆಯುವ ಜಾತಿ, ಒಂದೊಂದರ ಗೊರಸೂ ಊಟದ ತಟ್ಟೆಯಷ್ಟು. ಬಲಕ್ಕೆ ಬೆಸ್, ಎಡಕ್ಕೆ ಕಿಂಗ್. ಸರಪಳಿಯನ್ನು ವ್ಯಾನಿಗೆ ಸಿಕ್ಕಿಸಿ, ಲಗಾಮು ಹಿಡಿದು ಹಿಂದೆ ನಿಂತು ಅವಳು ಬಾಯಿ ತೆರೆದಳು.

"ಜೀ, ಬೆಸ್! ಜೀ! ಹಾ, ಕಿಂಗ್, ಹಾ! ಎತ್ತಿ, ಎತ್ತಿ!"

ಲಾಯದ ಮಾಡಿನಿಂದ ಹಿಮ ಜಾರಿ ಬಿತ್ತು. ಅದು ದನಿಗೆ ಬಿತ್ತೋ ತಾನಾಗಿ ಬಿತ್ತೋ, ನೋಡಿದವರೆಲ್ಲ ದನಿಗೇ ಬಿತ್ತು ಎಂದು ಇವತ್ತಿಗೂ ಆಣೆಯಿಡುತ್ತಾರೆ. ಆ ಎರಡು ಬೆಟ್ಟಗಳು ಬಲಕ್ಕೆ ವಾಲಿ, ಎಡಕ್ಕೆ ವಾಲಿ, ಒಟ್ಟಿಗೆ ಎದೆಗೊಟ್ಟು ವ್ಯಾನನ್ನು ಕೆಸರಿನಿಂದ ಕಿತ್ತು ರಸ್ತೆಗೆ ತಂದು ನಿಲ್ಲಿಸಿದವು. ಮಾರ್ವಾ ಮೂಗಿನ ಮೇಲೆ ಬೆರಳಿಟ್ಟು ನಿಂತಳು.

"ಈ ಗಂಟಲನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

"ಇಲ್ಲೇ ಇತ್ತು. ಕುದುರೆ ಹತ್ರ ಏನು ನಾಚಿಕೆ? ಅವು ನಗಲ್ಲ."

"ನಾವೇನ್ ನಗ್ತೀವಾ?"

"ನೀನು ನಗ್ತೀಯ," ಎಂದಳು ರೋಡಾ, ಬೆಸ್‌ಳ ಕತ್ತು ಸವರುತ್ತಾ.

ಮಾರ್ವಾ ಕಿಂಗ್‌ನ ಕತ್ತಿನ ಮೇಲೆ ಕೈಯಿಟ್ಟಳು. ಆಮೇಲೆ, "ಇನ್ಮೇಲೆ ನಗಲ್ಲ ಕಣೇ," ಎಂದಳು. "ಜೀ ಅಂದ್ರೆ ಏನು?"

"ಬಲಕ್ಕೆ. ಹಾ ಅಂದ್ರೆ ಎಡಕ್ಕೆ. ನಾನು ಹಿಂದೆ, ಅವು ಮುಂದೆ. ನನಗೆ ಯಾವುದು ಬಲಾನೋ ಅವಕ್ಕೂ ಅದೇ ಬಲ."

ಕೋಚ್ ವಿಲೆಟ್ಸ್ ಅರವತ್ತು ದಾಟಿದ ಹೆಂಗಸು, ಎಚ್ಚರವಿರುವಷ್ಟು ಹೊತ್ತೂ ಚೂಯಿಂಗ್ ಗಮ್ ಜಗಿಯುವವರು. ಆಗ ಅವರ ದವಡೆ ನಿಂತಿತು.

"ನಾಳೆಯಿಂದ ನಮ್ಮಲ್ಲಿ ಎಡ ಬಲ ಅನ್ನೋ ಮಾತೇ ಬೇಡ," ಎಂದರು. "ರೋಡಾ, ಇವರನ್ನೂ ನಿನ್ನ ಕುದುರೆ ಅಂತ್ಲೇ ತಿಳ್ಕೊಳಮ್ಮ. ಹುಲ್ಲು ಮಾತ್ರ ಹಾಕ್ಬೇಡ."

ಮುಂದಿನ ಪಂದ್ಯದಲ್ಲಿ ಮಾರ್ವಾಳ ಬೆನ್ನ ಹಿಂದಿನಿಂದ "ಜೀ!" ಎಂದು ಕೇಳಿತು. ಬಲಕ್ಕೆ ಜಾರಿದಳು. ಅಡ್ಡ ನಿಂತಿದ್ದವಳ ಮೈ ಅವಳ ತೋಳನ್ನು ಸವರಿ ಹಿಂದೆ ಉಳಿಯಿತು, ಅಷ್ಟೆ. ಬೆನ್ನಿಗೆ ಕಣ್ಣು ಬಂದ ದಿನ ಅದು. ದನಿಯ ಹಿಂದೆಯೇ ರೋಡಾಳ ಮೈಯೂ ಬಿಚ್ಚಿಕೊಂಡಿತು. ಕೂಗುವವಳು ಕುಗ್ಗಿ ನಿಲ್ಲಲಾರಳಲ್ಲ. ಕೈ ಎತ್ತಿ "ಕೊಡೇ ಇಲ್ಲಿ!" ಎಂದು ಕೇಳಿದಳು, ಕೊಟ್ಟರೆ ಹಿಡಿದಳು, ಹಿಡಿದರೆ ಹಾಕಿದಳು. ಅವಳನ್ನು ತಡೆಯಲು ಇಬ್ಬರು ಬಂದರೆ ಟೆಸ್ ಬಿಡುವಾಗಿ ನಿಂತಿರುತ್ತಿದ್ದಳು, ಅವಳು ಹಾಕಿದಳು. ಬುಟ್ಟಿಗೆ ತಾಗಿ ಮರಳಿದ ಚೆಂಡುಗಳೆಲ್ಲ ತವರಿಗೆ ಬಂದಂತೆ ಈ ಇಬ್ಬರ ಕೈಗೇ ಬಂದವು. ಫೆಬ್ರವರಿಯಲ್ಲಿ ತಂಡ ಸೋಲುವುದನ್ನೇ ಮರೆಯಿತು.

"ಮೊದ್ಲು ಆ ಗ್ಯಾರಿ ಹುಡುಗಿ ಒಬ್ಳೇ ಬಂಡಿ ಎಳೀತಿದ್ಲು," ಎಂದು ಊರಿನ ಹೋಟೆಲಿನಲ್ಲಿ ಮುದುಕರು ಕಾಫಿ ಕುಡಿಯುತ್ತಾ ಹೇಳಿಕೊಂಡರು. "ಈಗ ಕುದುರೆ ಕಟ್ಟಿದಾರೆ ನೋಡು. ಮಾರ್ಚ್ ಬರ್ಲಿ."

ಮಾರ್ವಾಳ ಹೆಸರಿನ ಮುಂದೆ ಬರುವ ಅಂಕಗಳು ಮಾತ್ರ ಇಳಿದವು. ಗೆಲುವಿನ ಸಂತೋಷದ ಅಡಿಯಲ್ಲಿ ಒಂದು ಸಣ್ಣ ಮುಳ್ಳು ಅವಳಿಗೆ ಚುಚ್ಚುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಮಾರ್ಚಿನ ಲೀಗ್ ಪಂದ್ಯಾವಳಿಯ ಕೊನೆಯ ಪಂದ್ಯ ಹಾರ್ಲನ್ ಸ್ಟೇಟ್ ತಂಡದ ಮೇಲೆ, ಅವರದೇ ಅಂಗಳದಲ್ಲಿ. ಗೆದ್ದವರು ದೊಡ್ಡ ಪಂದ್ಯಾವಳಿಗೆ, ಸೋತವರು ಮನೆಗೆ. ಹಾರ್ಲನ್ನಿನ ವಿದ್ಯಾರ್ಥಿಗಳು ಕಿಡಿಗೇಡಿಗಳು ಎಂದು ಲೀಗಿಗೆಲ್ಲ ಗೊತ್ತಿತ್ತು, ಆದರೆ ಇಷ್ಟು ಎಂದು ಗೊತ್ತಿರಲಿಲ್ಲ. ಅವರಲ್ಲೂ ರೈತರ ಮಕ್ಕಳಿದ್ದರು ನೋಡಿ. ಜೀ ಅಂದರೇನು, ಹಾ ಅಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಂದ್ಯ ಬಿಗಿಯಾದ ಕೊನೆಯ ಹೊತ್ತಿನಲ್ಲಿ ಇಡೀ ಗ್ಯಾಲರಿ ಬಾಯಿಗೆ ಬಂದದ್ದನ್ನು ಕೂಗತೊಡಗಿತು: "ಹಾ! ಹಾ! ಜೀ! ಹಾ!"

ಮಾರ್ವಾಳ ಮೇಲೆ ಆಗಲೇ ನಾಲ್ಕು ಫೌಲ್ ಇದ್ದವು. ಐದಾದರೆ ಹೊರಕ್ಕೆ. ಎದುರಿನವಳು ಚೆಂಡು ಕುಟ್ಟುತ್ತಾ ನುಗ್ಗಿದಳು, ಹಿಂದಿನಿಂದ "ಹಾ!" ಎಂದು ಕೇಳಿತು, ಮಾರ್ವಾ ಜೀವದ ಹಂಗು ಬಿಟ್ಟು ಎಡಕ್ಕೆ ಹಾರಿದಳು. ಅಲ್ಲಿ ಗೋಡೆ ನಿಂತಿತ್ತು. ಗೋಡೆ ಮತ್ತು ಅವಳು ಒಟ್ಟಿಗೆ ನೆಲಕ್ಕೆ ಬಿದ್ದರು. ಸೀಟಿ ಮೊಳಗಿತು. ಕೂಗಿದ್ದು ರೋಡಾ ಅಲ್ಲ, ಗ್ಯಾಲರಿ. ರೋಡಾ ಕೂಗಿದ್ದು "ಜೀ."

ಐದನೆಯ ಫೌಲ್.

ಅವಳು ಬೆಂಚಿಗೆ ನಡೆದು ಬರುವಾಗ ಸಾವಿರಾರು ಜನ ಅವಳ ಹೆಜ್ಜೆಗೆ ತಾಳ ಹಾಕಿ "ಎಡಕ್ಕೆ, ಬಲಕ್ಕೆ" ಎಂದು ಕೂಗಿದರು. ಕೂತ ಕೂಡಲೇ "ಕೂತ್ಕೋ!" ಎಂದು ಒಕ್ಕೊರಲಿನಿಂದ ಗದರಿದರು. ಫೌಲಾಗಿ ಹೊರಬಿದ್ದವರಿಗೆ ಅಲ್ಲಿನ ಪದ್ಧತಿಯೇ ಅದು. ಕೋಚ್ ಒಂದು ಗಮ್ ಕೊಟ್ಟರು. ತಂಡ ಮೂರು ಅಂಕ ಹಿಂದಿತ್ತು. ಸೋತರೆ, ತಾನು ಈ ಜನ್ಮದಲ್ಲಿ ಆಡಿದ ಕೊನೆಯ ಆಟ ಇದು, ಆ ಆಟದಲ್ಲಿ ತಾನು ಮಾಡಿದ ಕೊನೆಯ ಕೆಲಸ ಯಾರದೋ ಕೂಗಿಗೆ ಮೋಸಹೋಗಿ ಒಬ್ಬಳನ್ನು ಕೆಡವಿದ್ದು. ಅದರ ಹಿಂದೆಯೇ ಮಾರ್ವಾಗೆ ಇನ್ನೊಂದು ಯೋಚನೆಯೂ ಬಂತು, ಕೆಟ್ಟದ್ದು: ನಾನಿಲ್ಲದೆ ಇವರು ಗೆದ್ದುಬಿಟ್ಟರೆ ನಾನು ನಾಲ್ಕು ವರ್ಷ ಏನಾಗಿದ್ದೆ? ಆ ಯೋಚನೆಗೆ ಅವಳಿಗೇ ಹೇಸಿಗೆಯಾಯಿತು.

ಅವಳ ಜಾಗಕ್ಕೆ ಹೋದವಳು ಪೆನ್ನಿ ಎಂಬ ಮೊದಲ ವರ್ಷದ ಪುಟ್ಟ ಹುಡುಗಿ. ಗ್ಯಾಲರಿ ಹಾ, ಜೀ ಎಂದು ಅರಚುತ್ತಲೇ ಇತ್ತು. ಪೆನ್ನಿಯ ಬೆನ್ನ ಹಿಂದೆ ಗೋಡೆ ಬಂದು ನಿಂತಿತು. ಆಗ ಆ ಗದ್ದಲವನ್ನೆಲ್ಲ ಸೀಳಿಕೊಂಡು ಒಂದು ದನಿ ಬಂತು.

"ಬೆಸ್!"

ಗ್ಯಾಲರಿಗೆ ತಲೆಬುಡ ತಿಳಿಯಲಿಲ್ಲ. ಬೆಂಚಿನಲ್ಲಿದ್ದ ಮಾರ್ವಾಗೆ ತಿಳಿಯಿತು. ಬೆಸ್ ಅಂದರೆ ಬಲಗಡೆಯ ಕುದುರೆ. ಆ ಭಾನುವಾರ ಅದಕ್ಕೆ ಕ್ಯಾರೆಟ್ ತಿನ್ನಿಸಿ ಬಂದಿದ್ದ ಪೆನ್ನಿಗೂ ಅದು ಗೊತ್ತು. ಪೆನ್ನಿ ಬಲಕ್ಕೆ ಜಾರಿದಳು, ಎದುರಿನವಳ ಚೆಂಡು ಅವಳ ಬೆರಳಿಗೆ ತಗುಲಿ ಹಾರಿತು, ಟೆಸ್ ಅದನ್ನು ಬಾಚಿಕೊಂಡಳು. ಮತ್ತೊಮ್ಮೆ "ಕಿಂಗ್!" ಎಂದಾಗ ಪೆನ್ನಿ ಎಡಕ್ಕೆ. ಹಾರ್ಲನ್ನಿನ ರೈತರ ಮಕ್ಕಳು ಬಾಯಿ ಬಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ನಡೆದದ್ದನ್ನು ಮಾರ್ವಾ ಬಿಟ್ಟ ಕಣ್ಣು ಮುಚ್ಚದೆ ನೋಡಿದಳು. ನಾಲ್ಕು ವರ್ಷ ಆಡಿದ್ದಳೇ ಹೊರತು ತನ್ನ ತಂಡವನ್ನು ಅವಳು ಹೊರಗೆ ಕೂತು ಒಮ್ಮೆಯೂ ನೋಡಿರಲಿಲ್ಲ. ಬೆನ್ನ ಹಿಂದೆ ಇಷ್ಟೆಲ್ಲ ನಡೆಯುತ್ತಿತ್ತೇ? ರೋಡಾ ಒಂದು ಕಣ್ಣಲ್ಲಿ ಚೆಂಡು, ಇನ್ನೊಂದರಲ್ಲಿ ಐವರೂ ಎದುರಾಳಿಗಳನ್ನು ಇಟ್ಟುಕೊಂಡು, ಕೂಗುತ್ತಾ, ಕೈಯಲ್ಲೇ ಜಾಗ ತೋರಿಸುತ್ತಾ, ಯಾರು ಎಡವಿದರೂ ಆ ಕಿಂಡಿಗೆ ತಾನೇ ಹೋಗಿ ತುಂಬಿಕೊಳ್ಳುತ್ತಿದ್ದಳು. ಅಷ್ಟು ದೊಡ್ಡ ಮೈ ಅಷ್ಟು ಹಗುರಾಗಿ ನಡೆಯಬಲ್ಲದೆಂದು ಮಾರ್ವಾ ಕಂಡಿರಲಿಲ್ಲ. ಇಬ್ಬರು ಸೇರಿ ಅವಳನ್ನು ಅದುಮಿದರು. ಅವಳು ನೋಡದೆಯೇ ಚೆಂಡನ್ನು ಟೆಸ್‌ಳ ಕೈಗಿಟ್ಟಳು, ಟೆಸ್ ಹಾಕಿದಳು. ಹಾರ್ಲನ್ ಒಂದು ಹಾಕಿತು, ರೋಡಾ ಮರಳಿ ಒಂದು ಹಾಕಿದಳು. ಮುಂದಿನ ಸಲ ಎದುರಿನವಳು ಬುಟ್ಟಿಯ ಹತ್ತಿರ ಬಂದು, ರೋಡಾಳನ್ನು ಕಂಡು, ಎಸೆಯುವ ಧೈರ್ಯ ಸಾಲದೆ ಹಿಂದಕ್ಕೆ ಹೋದಳು. ಮಾರ್ವಾಗೆ ಹೆಮ್ಮೆಯೋ ಭಯವೋ ತಿಳಿಯದ ಒಂದು ಭಾವ ಎದೆ ತುಂಬಿತು. ದೇವಸ್ಥಾನದಲ್ಲೋ ಬಿರುಗಾಳಿಯ ಎದುರಿನಲ್ಲೋ ಮನುಷ್ಯನಿಗೆ ಹಾಗಾಗುತ್ತದೆ.

"ನೋಡ್ತಿದೀಯಾ?" ಎಂದರು ಕೋಚ್, ತಿರುಗದೆಯೇ.

"ಇದು ಯಾವಾಗ್ಲೂ ಹೀಗೇ ಇತ್ತಾ ಕೋಚ್?"

"ಫೆಬ್ರವರಿಯಿಂದ ಹೀಗೇ ಇದೆ. ನೀನು ಆ ಕಡೆ ಮುಖ ಮಾಡಿ ಆಡ್ತಿದ್ದೆ."

ಕೊನೆಯ ಕ್ಷಣಗಳಿಗೆ ಬಂದಾಗ ತಂಡ ಒಂದೇ ಒಂದು ಅಂಕ ಹಿಂದಿತ್ತು. ಹಾರ್ಲನ್ನಿನವಳು ಎಸೆದ ಚೆಂಡು ಕಂಬಿಗೆ ಬಡಿದು ಮೇಲೆ ಹಾರಿತು. ರೋಡಾ ಅದನ್ನು ಒಂದೇ ಕೈಯಲ್ಲಿ, ಮರದಿಂದ ಸೇಬು ಕಿತ್ತಂತೆ, ಕಿತ್ತುಕೊಂಡು ಪೆನ್ನಿಗೆ ಎಸೆದು ಓಡತೊಡಗಿದಳು. ಪೆನ್ನಿ ಆ ತುದಿಯವರೆಗೆ ಓಡಿ, ಸಮಯವಿಲ್ಲದೆ, ಕಣ್ಣು ಮುಚ್ಚಿ ಎಸೆದಳು. ಚೆಂಡು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಂತು. ಬುಡದಲ್ಲಿ ಕೈಗಳ ಕಾಡೇ ಎದ್ದಿತು. ಆ ಕಾಡಿನ ಮೇಲೆ ಇನ್ನೂ ಒಂದು ಕೈ ಎದ್ದು, ಚೆಂಡನ್ನು ಬೆರಳ ತುದಿಯಿಂದ ಮೆಲ್ಲಗೆ, ತೀರಾ ಮೆಲ್ಲಗೆ, ಒಳಕ್ಕೆ ತಳ್ಳಿತು. ಗಂಟೆ ಹೊಡೆಯಿತು.

ಗ್ಯಾಲರಿ ಸತ್ತಂತೆ ಸುಮ್ಮನಾಯಿತು. ಆ ಸದ್ದಿಲ್ಲದ ಸಭಾಂಗಣದಲ್ಲಿ ಯಾರೋ ಹುಚ್ಚಿಯ ಹಾಗೆ ಕಿರುಚುತ್ತಿದ್ದರು. ಅದು ತಾನೇ ಎಂದು ಮಾರ್ವಾಗೆ ತಡವಾಗಿ ತಿಳಿಯಿತು. ಆ ಕೊನೆಯ ಗಳಿಗೆಯಲ್ಲಿ ತಾನು ಅಂಕಣದ ಒಳಗಿಲ್ಲ ಎಂಬುದೇ ಅವಳಿಗೆ ಮರೆತುಹೋಗಿತ್ತು. ಮುಳ್ಳು ಎಲ್ಲಿತ್ತೆಂದು ಹುಡುಕಿದಳು, ಸಿಗಲಿಲ್ಲ.

ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ರೋಡಾ ಮಾತ್ರ ಅವರನ್ನು ಬಿಡಿಸಿಕೊಂಡು ನೇರ ಬೆಂಚಿಗೆ ಬಂದಳು. ಬೆವರು ಸುರಿಯುತ್ತಿತ್ತು. ದನಿ ಪೂರ್ತಿ ಕೂತುಹೋಗಿತ್ತು.

"ನಾನು ಜೀ ಅಂದೆ ಕಣೇ," ಎಂದಳು, ಅಳುಮೋರೆ ಮಾಡಿಕೊಂಡು. "ಇನ್ನೂ ಜೋರಾಗಿ ಕೂಗ್ಬೇಕಿತ್ತು. ನೀನು ಹಾಗೆ ಹೊರಗೆ ಹೋದಾಗ ನಂಗೆ ಏನೂ ತೋಚಲಿಲ್ಲ. ನಿನ್ನ ಆಟ ಹಾಗೆ ಮುಗೀಬಾರ್ದು, ಅಷ್ಟೇ ತಲೇಲಿದ್ದಿದ್ದು."

ಮಾರ್ವಾ ಆ ಎತ್ತರದ ಹುಡುಗಿಯ ಸೊಂಟಕ್ಕೆ ತೋಳು ಸುತ್ತಿ, ಒದ್ದೆ ಅಂಗಿಗೆ ಮುಖ ಒತ್ತಿ ನಿಂತಳು. ಕಡೆಗೆ ಕೋಚ್ ಕಡೆ ತಿರುಗಿ ಕೇಳಿದಳು:

"ಕೋಚ್, ನಾಳೆ ಪ್ರಾಕ್ಟೀಸ್ ಎಷ್ಟೊತ್ತಿಗೆ?"

"ನಾಲ್ಕು ಗಂಟೆಗೆ," ಎಂದರು ಕೋಚ್ ವಿಲೆಟ್ಸ್. "ಒಂದು ನಿಮಿಷ ತಡ ಮಾಡು, ಓಡಿಸಿ ಓಡಿಸಿ ಸಾಯಿಸ್ತೀನಿ."

ನಾಲ್ಕು ವರ್ಷ ಶಪಿಸುತ್ತಾ ಕೇಳಿದ್ದ ಆ ಮಾತನ್ನು ಕೇಳಿ ಮಾರ್ವಾ ಪೆಟಿಗ್ರೂ ಗಟ್ಟಿಯಾಗಿ ಅತ್ತುಬಿಟ್ಟಳು.